ಮಾತ್ರೆ, ಪಾತ್ರೆ, ಪತ್ರ

ನಮ್ಮ ಮಾವನ ಬಗ್ಗೆ ಹೇಳಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಬರಲಿ, ಅದನ್ನು ಅದುಮಿಟ್ಟುಕೊಂಡು ಹೇಳುವಷ್ಟು ಸಾಧು ನಾನಲ್ಲ. ಬೇಕರಿಯ ಕೌಂಟರಿನಲ್ಲಿ ನಿಂತು ದಿನವಿಡೀ ಜನರ ಮುಖ ನೋಡುವವಳು ನಾನು. ಯಾರು ಬ್ರೆಡ್ಡನ್ನು ಹಿಸುಕಿ ನೋಡಿ ವಾಪಸು ಇಡುತ್ತಾರೆ, ಯಾರು ಹರಿದ ನೋಟನ್ನು ನಾಜೂಕಾಗಿ ಮಡಚಿ ಕೊಡುತ್ತಾರೆ ಎಂಬುದು ಅವರು ಬಾಗಿಲು ದಾಟುವಾಗಲೇ ಗೊತ್ತಾಗುತ್ತದೆ. ಅನುಮಾನ ನನಗೂ ಕಡಿಮೆಯೇನಿಲ್ಲ. ಆದರೆ ಮಾವನ ಅನುಮಾನದ ಮುಂದೆ ನನ್ನದು ಲೆಕ್ಕಕ್ಕೇ ಇಲ್ಲ.

ಅವರು ಬಟ್ಟೆ ಗಿರಣಿಯ ಮಗ್ಗದ ಶೆಡ್ಡಿಗೆ ಮೀಸೆ ಮೂಡುವ ಮೊದಲೇ ಸೇರಿ, ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಮಗ್ಗಗಳೆಲ್ಲ ಒಟ್ಟಿಗೆ ಬಡಿಯುವಾಗ ಪಕ್ಕದವನು ಗಂಟಲು ಹರಿಯುವಂತೆ ಕೂಗಿದರೂ ಕೇಳುತ್ತಿರಲಿಲ್ಲವಂತೆ. ಹಾಗಾಗಿ ಅಲ್ಲಿನವರು ದನಿಯನ್ನೇ ಬಿಟ್ಟು ಬರೀ ತುಟಿ ಅಲ್ಲಾಡಿಸಿ ಮಾತಾಡುತ್ತಿದ್ದರು, ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಅದರಲ್ಲಿ ಮಾವನದು ಎತ್ತಿದ ಕೈ. ಶೆಡ್ಡಿನ ಆ ತುದಿಯಲ್ಲಿ ಮೇಸ್ತ್ರಿ ಮ್ಯಾನೇಜರನಿಗೆ ಯಾರ ಮೇಲೆ ಚಾಡಿ ಹೇಳುತ್ತಿದ್ದಾನೆ ಎಂಬುದನ್ನು ಈ ತುದಿಯಿಂದ ಓದಿ, ಆ ಪಾಪದವನಿಗೆ ಮೊದಲೇ ಸುದ್ದಿ ಮುಟ್ಟಿಸುತ್ತಿದ್ದರು. ಹೀಗೆ ಎಷ್ಟೋ ಜನರ ಕೆಲಸ ಉಳಿದಿದೆ. ಗಿರಣಿಯಲ್ಲಿ ಅವರಿಗೆ ದುರ್ಬೀನು ಎಂದೇ ಹೆಸರು. ಈಗಲೂ ಹಳೆಯ ಗೆಳೆಯರು ಬೀದಿಯಲ್ಲಿ ಸಿಕ್ಕರೆ ಮುಷ್ಟಿಯನ್ನು ಕಣ್ಣಿಗೆ ಹಿಡಿದು ನಗುತ್ತಾರೆ.

ಮಗ್ಗಗಳು ಅವರ ಕಿವಿಯನ್ನು ಸ್ವಲ್ಪಸ್ವಲ್ಪವಾಗಿ ತಿಂದು ಹಾಕಿದವು. ನಾನು ಸೊಸೆಯಾಗಿ ಬಂದಾಗ ಬಾಗಿಲು ಬಡಿದರೆ ಕೇಳುತ್ತಿತ್ತು. ನನ್ನ ಮಗಳು ಶಾಲೆಗೆ ಹೋಗುವ ಹೊತ್ತಿಗೆ ಅದೂ ಹೋಯಿತು. ಡಾಕ್ಟರಿಗೆ ತೋರಿಸೋಣ ಎಂದು ಸನ್ನೆ ಮಾಡಿದರೆ, "ನಂಗ್ಯಾಕೆ ಕಿವಿ? ಕಣ್ಣಿಲ್ವಾ?" ಎನ್ನುತ್ತಿದ್ದರು. ಕಿವಿಗೆ ಸುಳ್ಳು ಹೇಳಬಹುದು, ಕಣ್ಣಿಗೆ ಹೇಳಲಾಗದು ಎಂಬುದು ಅವರ ನಂಬಿಕೆ.

ಆ ನಂಬಿಕೆಯೇ ನಮ್ಮ ಮನೆಗೆ ಮುಳುವಾಯಿತು. ನಿವೃತ್ತಿಯಾದಾಗ ಬಂದ ಹಣವೆಲ್ಲ ಬ್ಯಾಂಕಿನಲ್ಲಿ ಅವರೊಬ್ಬರ ಹೆಸರಿನಲ್ಲಿತ್ತು. ಮನೆಯ ಪತ್ರ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಕೀಲಿ ಅವರ ಸೊಂಟದ ಬೆಲ್ಟಿನಲ್ಲಿ. ಹಜಾರದ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡರು. ಅಲ್ಲಿ ಕೂತರೆ ಅಡುಗೆಮನೆ, ಬೀದಿ ಬಾಗಿಲು, ಅತ್ತೆಯ ಮಂಚ ಎಲ್ಲವೂ ಕಾಣುತ್ತವೆ. ಮೈಯೆಲ್ಲ ಕಣ್ಣಾಗಿ ಕೂತು ನಮ್ಮ ತುಟಿ ಓದುತ್ತಿದ್ದರು. ಓದಿ ಓದಿ ಅವರಿಗೆ ಒಂದು ವಿಷಯ ಖಾತ್ರಿಯಾಯಿತು. ಈ ಮನೆಯಲ್ಲಿ ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಮಾತಾಡುವುದು ತನ್ನ ಆಸ್ತಿಯ ಬಗ್ಗೆಯೇ.

ಒಮ್ಮೆ ಮಗಳು ಚೆಂಡು ಕಳೆದುಕೊಂಡು, "ನನ್ ಬಾಲು ಕೊಡು, ನನ್ ಬಾಲು ಕೊಡು" ಎಂದು ಅವಳಪ್ಪನ ಹಿಂದೆ ಬಿದ್ದಿದ್ದಳು. ಮಾವ ಕುರ್ಚಿ ಬಿಟ್ಟು ಎದ್ದು ಬಂದು ನನ್ನವರ ಮುಂದೆ ನಿಂತರು. "ಇಷ್ಟು ಚಿಕ್ಕ ಮಗುಗೆ ಪಾಲು ಕೇಳೋದು ಹೇಳ್ಕೊಟ್ಟಿದ್ದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ನನ್ನವರು ಬೆಪ್ಪಾಗಿ ನಿಂತರು. ಯಾವ ಪಾಲು, ಯಾರು ಕೇಳಿದರು, ಒಂದೂ ತಲೆಬುಡ ತಿಳಿಯಲಿಲ್ಲ. ಇನ್ನೊಮ್ಮೆ ನಾನು ಅತ್ತೆಯನ್ನು "ಮಾತ್ರೆ ಎಲ್ಲಿಟ್ರಿ?" ಎಂದು ಕೇಳಿದ್ದೇ ತಡ, ಮಾವ ಪೆಟ್ಟಿಗೆಯನ್ನು ಹೊರಗೆಳೆದು ಅದರ ಮೇಲೆ ಕೂತುಬಿಟ್ಟರು. ಊಟಕ್ಕೂ ಏಳಲಿಲ್ಲ. ತಟ್ಟೆಯನ್ನು ಅಲ್ಲಿಗೇ ಕೊಟ್ಟೆ, ಮನಸ್ಸಿನಲ್ಲಿ ಬೈದುಕೊಂಡೇ ಕುಕ್ಕಿದೆ.

ಬರಬರುತ್ತ ನಾವೂ ಕೆಟ್ಟೆವು. ಅವರಿಗೆ ಬೆನ್ನು ಹಾಕಿ ಮಾತಾಡುವುದು, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು, ಅವರು ನೋಡಿದೊಡನೆ ಮಾತು ನಿಲ್ಲಿಸುವುದು ರೂಢಿಯಾಯಿತು. ತರಕಾರಿಯ ಬೆಲೆಯನ್ನೂ ಕಳ್ಳರ ಹಾಗೆ ಪಿಸುಗುಟ್ಟುತ್ತಿದ್ದೆವು. ಅದನ್ನು ಕಂಡು ಅವರಿಗೆ ಇನ್ನಷ್ಟು ಅನುಮಾನ. ಅವರ ತಪ್ಪೇನು? ನನ್ನ ಎದುರಿಗೆ ಯಾರಾದರೂ ಹಾಗೆ ಮಾಡಿದ್ದರೆ ನಾನು ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತಿದ್ದೆ.

ಅತ್ತೆ ಒಬ್ಬರೇ ಅವರ ಪಕ್ಕದಲ್ಲಿ ಕೂರುತ್ತಿದ್ದವರು. ಅವರಿಗೂ ಗಿರಣಿಯ ತುಟಿಮಾತು ಬರುತ್ತಿತ್ತು, ನೂಲು ಸುತ್ತುವ ವಿಭಾಗದಲ್ಲಿ ಕೆಲಸ ಮಾಡಿದ್ದವರು. ಹೇಳಬೇಕಾದ್ದನ್ನು ಮುಖ ಎತ್ತಿ ತುಟಿಯಲ್ಲಿ ಹೇಳುತ್ತಿದ್ದರು. ಬೈಯಬೇಕಾದ್ದನ್ನು ತಲೆ ತಗ್ಗಿಸಿ, ಸೊಪ್ಪು ಬಿಡಿಸುತ್ತ, ಬಾಯಿ ತುಂಬ ಬೈಯುತ್ತಿದ್ದರು. "ಕೇಳದೆ ಇರೋರನ್ನ ಬೈಯೋದ್ರಲ್ಲಿ ಎಷ್ಟು ಸುಖ ಇದೆ ಗೊತ್ತಾ?" ಎಂದು ನನಗೆ ಹೇಳಿ ನಕ್ಕಿದ್ದೂ ಉಂಟು. ಇಡೀ ಮನೆಯಲ್ಲಿ ಕಪಟ ಅರಿಯದವರು ಯಾರಾದರೂ ಇದ್ದರೆ ಅತ್ತೆ ಎಂದೇ ನಾನು ತಿಳಿದಿದ್ದೆ.

ಇಂಥ ಹೊತ್ತಿನಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮೊದಲೇ ಸವೆದಿದ್ದ ಸೊಂಟದ ಕೀಲು ಬಿರುಕು ಬಿಟ್ಟಿತು. ಕೀಲನ್ನು ಬದಲಿಸಬೇಕು, ಅದೂ ಬೇಗ, ಇಲ್ಲದಿದ್ದರೆ ಅವರು ಇನ್ನು ಮಂಚ ಬಿಟ್ಟು ಏಳುವ ಮಾತೇ ಇಲ್ಲ ಎಂದರು ಡಾಕ್ಟರು. ಖರ್ಚಿನ ಅಂದಾಜು ಕೇಳಿ ನನ್ನವರ ಮುಖ ಬಿಳುಚಿಕೊಂಡಿತು. ನಾನು ಆಸ್ಪತ್ರೆಯ ಗುಮಾಸ್ತನ ಮುಂದೆ ಕೂತು ಇದೇನು, ಇದ್ಯಾಕೆ, ಇದು ಒಂದೇ ಸಲವೋ ದಿನದಿನವೋ ಎಂದು ಒಂದೊಂದನ್ನೂ ಕೆದಕಿದೆ. ಸ್ವಲ್ಪ ಇಳಿಯಿತು. ಆದರೂ ಅದು ನಮ್ಮ ಇಬ್ಬರ ಸಂಬಳಕ್ಕೆ ನಿಲುಕುವ ಮಾತಾಗಿರಲಿಲ್ಲ. ಮಾವನ ಹಣದಲ್ಲಿ ಮಾತ್ರ ಆಗುತ್ತಿತ್ತು. ಅದಕ್ಕೆ ಅವರ ಒಂದು ಸಹಿ ಬೇಕಿತ್ತು.

ನನ್ನವರು ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದರು. ಮಾವ ಓದಿದರು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಿಂದೊಮ್ಮೆ ಗಿರಣಿಯವರು ಏನೋ ಹೇಳಿ, ಕಾಗದದಲ್ಲಿ ಬೇರೆ ಏನೋ ಬರೆದು ಎಲ್ಲರ ಸಹಿ ಹಾಕಿಸಿಕೊಂಡು ಸಂಬಳಕ್ಕೆ ಕತ್ತರಿ ಹಾಕಿದ್ದರಂತೆ. ಅಂದಿನಿಂದ ಕಾಗದ ಕಂಡರೆ ಅವರಿಗೆ ಆಗದು. "ಆ ಡಾಕ್ಟ್ರಿಗೂ ನೀವೇ ಹೇಳ್ಕೊಟ್ಟಿದ್ದೀರಿ. ಅವನ ಬಾಯಲ್ಲೂ ಪತ್ರ ಪತ್ರ ಅಂತ ಬಂತು. ನಾನೇ ಕಣ್ಣಾರೆ ನೋಡ್ದೆ," ಎಂದರು. ನನ್ನವರು ಗೋಡೆಗೆ ತಲೆ ಒರಗಿಸಿ ಕೂತರು.

ಮಂಚದ ಮೇಲೆ ಅತ್ತೆ ಪಕ್ಕ ಹೊರಳಲಾಗದೆ ಹಲ್ಲು ಕಚ್ಚುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಈ ಮುದುಕನಿಗೆ ಕಿವಿ ಬರದೆ ಬುದ್ಧಿ ಬರುವುದಿಲ್ಲ ಎಂದು ತೀರ್ಮಾನಿಸಿದೆ. ಬಟ್ಟೆ ಒಗೆಯುವ ಮಷೀನಿಗೆಂದು ಕೂಡಿಟ್ಟಿದ್ದ ನನ್ನ ಸ್ವಂತ ದುಡ್ಡನ್ನು ಅವರ ಕಿವಿಯ ಮಷೀನಿಗೆ ತೆಗೆದೆ. ಸುದ್ದಿ ತಿಳಿದ ನಾದಿನಿ ಫೋನಿನಲ್ಲಿ, "ಏನತ್ತಿಗೆ, ಅಪ್ಪನ ಮೇಲೆ ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ?" ಎಂದಳು. ಆ ಮಾತಿನಲ್ಲಿದ್ದ ಮುಳ್ಳು ನನಗೆ ಚುಚ್ಚದೆ ಇರಲಿಲ್ಲ. ಅಪ್ಪನನ್ನು ಒಲಿಸಿಕೊಂಡು ಅತ್ತಿಗೆ ಎಲ್ಲವನ್ನೂ ಗುಳುಂ ಮಾಡುತ್ತಾಳೆ ಎಂಬುದು ಅವಳ ಹೆದರಿಕೆ.

ಕಿವಿಯ ಮಷೀನಿನ ಅಂಗಡಿ ಕನ್ನಡಕದ ಅಂಗಡಿಯ ಮಹಡಿಯ ಮೇಲಿತ್ತು. ಮಾವನನ್ನು ಕನ್ನಡಕಕ್ಕೆಂದೇ ಕರೆದುಕೊಂಡು ಹೋದೆ, ಕಿವಿಗೆಂದರೆ ಬರುತ್ತಿರಲಿಲ್ಲ. ಪರೀಕ್ಷೆ ಮಾಡುವ ಹುಡುಗಿ ಅವರನ್ನು ಎದುರಿಗೆ ಕೂರಿಸಿಕೊಂಡು, ದನಿ ಇಲ್ಲದೆ ಬರೀ ತುಟಿಯಲ್ಲಿ ಕೆಲವು ಶಬ್ದ ಹೇಳಿದಳು. ಕೆಲವನ್ನು ಮಾವ ಥಟ್ಟನೆ ಹೇಳಿದರು, ಕೆಲವು ಎಲ್ಲಿಂದೆಲ್ಲಿಗೋ ಹೋದವು. ಅವಳು ನನ್ನ ಕಡೆ ತಿರುಗಿದಳು. "ತುಂಬ ಚೆನ್ನಾಗಿ ಓದ್ತಾರೆ ಮೇಡಂ. ಆದ್ರೆ ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಕೊಳ್ಳುತ್ತೆ. ಯಾರು ಓದಿದ್ರೂ ಅಷ್ಟೇ. ಮನಸ್ಸಲ್ಲಿ ಏನಿರುತ್ತೋ ಅದೇ ಕಾಣುತ್ತೆ."

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. "ಹಾಗಾದ್ರೆ ಸ್ವಲ್ಪ ಮಾತ್ರೆ ಅನ್ನಿ ನೋಡೋಣ," ಎಂದೆ.

ಅವಳು ಮಾವನ ಕಡೆ ತಿರುಗಿ ತುಟಿ ಆಡಿಸಿದಳು. ಮಾವನ ಕಣ್ಣು ಕಿರಿದಾಯಿತು. "ನನ್ ಮನೆ ಪತ್ರ ಇವಳಿಗ್ಯಾಕೆ?" ಎಂದು ನನ್ನನ್ನು ಕೇಳಿದರು.

ಮಾತ್ರೆ, ಪಾತ್ರೆ, ಪತ್ರ. ಬಾಲು, ಪಾಲು. ಮಗನನ್ನು "ಬಾರೋ ಮನೆಗೆ" ಎಂದು ಅತ್ತೆ ಕರೆದಾಗಲೆಲ್ಲ ಈ ಮನುಷ್ಯ "ಮಾರೋ ಮನೆನ" ಎಂದು ಓದಿಕೊಂಡು ಎಷ್ಟು ಹೊಟ್ಟೆ ಉರಿದುಕೊಂಡಿರಬೇಕು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಆ ಹುಡುಗಿ ನೀರು ತಂದುಕೊಟ್ಟಳು. ಮಾವ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿ, "ಇವಳು ನಿನ್ ಕಡೆಯೋಳು ತಾನೆ?" ಎಂದರು.

ಮಷೀನು ಕಿವಿಯಲ್ಲಿ ಕೂತಾಗ ಅವರ ಹುಬ್ಬು ಒಮ್ಮೆ ಮೇಲೆ ಹೋಯಿತು. ಹುಡುಗಿ ಅವರ ಹಿಂದೆ ನಿಂತು, "ಕೇಳಿಸ್ತಾ ತಾತ?" ಎಂದಳು. ಮಾವ ಮಷೀನನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, "ಬರೀ ಗುಂಯ್ ಅನ್ನುತ್ತೆ. ಮಾತು ಬರಲ್ಲ," ಎಂದು ಎದ್ದರು. ಅಭ್ಯಾಸವಾಗಬೇಕು ಎಂದಳು ಹುಡುಗಿ. ನನಗೆ ಆ ಅಂಗಡಿಯವನ ಮೇಲೆಯೇ ಅನುಮಾನ. ದುಡ್ಡು ಕೊಡುವಾಗ, ಮಷೀನು ನಡೆಯದಿದ್ದರೆ ವಾಪಸು ತಂದು ಮುಖಕ್ಕೆ ಹಿಡಿಯುತ್ತೇನೆ ಎಂದು ಹೇಳಿಯೇ ಕೊಟ್ಟೆ.

ಮನೆಯಲ್ಲಿ ಏನೂ ಬದಲಾಗಲಿಲ್ಲ. ಯಾರು ಏನು ಕೂಗಿದರೂ ಮಾವ "ಗುಂಯ್" ಎಂದೇ ಕೈ ಆಡಿಸುತ್ತಿದ್ದರು. ನನ್ನವರು ನಿಟ್ಟುಸಿರು ಬಿಟ್ಟು, ಮೊದಲಿನಂತೆ ಸನ್ನೆ ಮಾಡತೊಡಗಿದರು. ನನ್ನ ದುಡ್ಡು ನೀರಿಗೆ ಹೋಯಿತು ಎಂದು ನಾನು ಕುದಿಯುತ್ತಿದ್ದೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವರಿಗೆ ಬೆನ್ನು ಹಾಕಿ ನಿಂತು, "ನಾಳೆನೇ ಹೋಗಿ ಆ ಮಷೀನ್ನ ಅಂಗಡಿಯೋನ ಮುಖಕ್ಕೆ ಬಿಸಾಕ್ತೀನಿ," ಎಂದು ಗೊಣಗಿಕೊಂಡೆ. ಏಕೋ ತಿರುಗಿ ನೋಡಿದರೆ ಮಾವನ ಕೈ ಕಿವಿಯ ಮೇಲಿತ್ತು, ಮಷೀನನ್ನು ಯಾರೋ ಕಿತ್ತುಕೊಂಡು ಹೋಗುತ್ತಾರೆಂಬಂತೆ ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

ಆಮೇಲೆ ಗಮನಿಸಿದೆ. ಜೀವನವಿಡೀ ಜನರ ಬಾಯಿಯನ್ನೇ ದಿಟ್ಟಿಸಿದ ಮನುಷ್ಯ ಈಗ ನಾವು ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದರು. ಕಳ್ಳ ಮುದುಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾನೆ. ನಮ್ಮ ಸಂಚನ್ನು ಈಗ ಕಿವಿಯಾರೆ ಹಿಡಿಯಲು ಹೊಂಚು ಹಾಕಿ ಕೂತಿದ್ದಾನೆ.

ನನ್ನವರಿಗೆ ಹೇಳಲೇ ಎಂದುಕೊಂಡೆ. ಹೇಳಿದರೆ ಅವರು ಕೂಡಲೇ ಸಕ್ಕರೆಯಂತೆ ಮಾತಾಡಲು ಶುರು ಮಾಡುತ್ತಾರೆ, ನಾಟಕ ಬಾರದ ಮನುಷ್ಯ. ಮಾವ ಅರೆಗಳಿಗೆಯಲ್ಲಿ ವಾಸನೆ ಹಿಡಿಯುತ್ತಾರೆ. ಹೇಳದಿದ್ದರೆ ಯಾರ ಬಾಯಿಂದ ಏನು ಉದುರುತ್ತದೋ. ಒಂದು ಕೆಟ್ಟ ಮಾತು ಬಿದ್ದರೂ ಸಹಿಯ ಆಸೆ ಹೋಯಿತು, ಅತ್ತೆಯ ಕಾಲೂ ಹೋಯಿತು. ಕೊನೆಗೆ ನನ್ನ ಹಟವೇ ಗೆದ್ದಿತು. ಕೇಳಲಿ, ನಾವು ಇರುವುದೇ ಹೀಗೆ, ಇದ್ದ ಹಾಗೇ ಕೇಳಲಿ ಎಂದುಕೊಂಡು ಬಾಯಿ ಹೊಲಿದುಕೊಂಡೆ.

ಭಾನುವಾರ ನಾದಿನಿ ಬಂದಳು. ಎಲ್ಲರೂ ಅತ್ತೆಯ ಮಂಚದ ಸುತ್ತ ಕೂತೆವು. ಮಾವ ಮೂಲೆಯಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದರು. ಅವರ ಕಡೆ ಯಾರೂ ನೋಡಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

"ಮನೆ ಮೇಲೆ ಸಾಲ ತೆಗೆಯೋಣ ಅಂದ್ರೆ ಅಪ್ಪ ಪತ್ರ ಕೊಡಲ್ಲ," ಎಂದಳು ನಾದಿನಿ. ನಾನು ಮೂಲೆಯ ಕಡೆ ನೋಡಿದೆ. ಆ ಮನೆಯಲ್ಲಿ ಮಾವನನ್ನು ಬಿಟ್ಟು ಬೇರೆ ಯಾರಾದರೂ ಪತ್ರ ಎಂಬ ಮಾತನ್ನು ನಿಜವಾಗಿ ಆಡಿದ್ದು ಅದೇ ಮೊದಲಿರಬೇಕು. ಮಾವನ ಬೆನ್ನು ಅಲ್ಲಾಡಲಿಲ್ಲ.

"ಪತ್ರದ ಮಾತು ಬೇಡ," ಎಂದರು ನನ್ನವರು. "ಅಪ್ಪಂದು ಅಪ್ಪನಿಗಿರ್ಲಿ. ನಾನು ಆಫೀಸಲ್ಲಿ ಕೇಳಿ ನೋಡ್ತೀನಿ. ಎಷ್ಟು ಕೊಡ್ತಾರೋ ಕೊಡ್ಲಿ."

"ಅತ್ತಿಗೆ ಮಷೀನ್ ಕೊಡ್ಸಿದ್ದಾಳಲ್ಲ, ಅದು ಸಹಿಗೆ ತಾನೆ?" ಎಂದು ನಾದಿನಿ ನನ್ನ ಮುಖವನ್ನೇ ನೋಡಿದಳು.

"ಹೌದು, ಸಹಿಗೇ," ಎಂದೆ. "ನಿಮ್ಮಮ್ಮ ಎದ್ದು ಓಡಾಡ್ಲಿ ಅಂತ. ಇನ್ಯಾತಕ್ಕೆ ಅಂದ್ಕೊಂಡೆ?"

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಕೈ ಎತ್ತಿದರು. "ಸಾಕು ಮಾಡಿ. ನಂಗೆ ಆಪರೇಷನ್ ಬೇಡ. ಅವ್ರ ದುಡ್ಡು ಯಾರೂ ಮುಟ್ಟಬೇಡಿ."

"ಅಮ್ಮ, ಹಾಗಂದ್ರೆ ಹೇಗೆ?" ಎಂದರು ನನ್ನವರು.

"ಹೀಗೇ. ನಾನು ಮಂಚದ ಮೇಲಿದ್ರೂ ನೀವು ನನ್ನ ನೋಡ್ಕೋತೀರಿ. ನನ್ ಜೊತೆ ನಾಲ್ಕು ಮಾತಾಡ್ತೀರಿ, ನಗ್ತೀರಿ. ನಾನು ಮೊದ್ಲು ಹೋದ್ರೆ ಅವ್ರನ್ನ ಯಾರು ನೋಡ್ಕೋತೀರಿ? ಕಿವಿ ಇಲ್ಲ, ಬಾಯಿ ಒಳ್ಳೇದಲ್ಲ, ಎಲ್ರ ಮೇಲೂ ಅನುಮಾನ. ಅಂಥ ಮುದುಕನ್ನ ಯಾರು ಸಹಿಸ್ಕೋತೀರಿ? ದುಡ್ಡಿದ್ರೆ ಅದರ ಮುಖ ನೋಡಿಯಾದ್ರೂ ಒಂದು ತುತ್ತು ಹಾಕ್ತೀರಿ. ಕೀಲಿ ಬಿಡ್ಬೇಡಿ, ಯಾರನ್ನೂ ನಂಬ್ಬೇಡಿ ಅಂತ ಅವ್ರಿಗೆ ಹೇಳ್ಕೊಟ್ಟಿದ್ದೇ ನಾನು. ಅವ್ರು ರಿಟೈರ್ ಆದಾಗಿಂದ ದಿನಾ ಹೇಳಿದ್ದೀನಿ."

ನಾದಿನಿ ನೆಲ ನೋಡಿದಳು. ನನಗೆ ಕೆನ್ನೆಗೆ ಹೊಡೆದಂತಾಯಿತು. ಈ ಮನೆಗೆ ಇಷ್ಟು ದುಡಿದೆ, ಇವರನ್ನು ಎತ್ತಿ ಕೂರಿಸಿ ಒರೆಸಿದೆ, ಕೊನೆಗೆ ಇವರ ಮನಸ್ಸಿನಲ್ಲಿ ನಾನು ಇಷ್ಟೇ. ದುಡ್ಡಿಲ್ಲದಿದ್ದರೂ ಅವರನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಎದೆ ತಟ್ಟಿ ಹೇಳಬೇಕೆಂದು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಪೆಟ್ಟಿಗೆಯ ಮೇಲೆ ಕೂತ ಮಾವ, ತಟ್ಟೆ ಕುಕ್ಕಿ ಬಂದ ನಾನು, ಎಲ್ಲವೂ ಕಣ್ಣ ಮುಂದೆ ಬಂತು. ಅತ್ತೆ ಇಲ್ಲದ ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲದ ಆ ಮನುಷ್ಯನ ಜೊತೆ ನಾನು ಹೇಗಿರುತ್ತೇನೋ ನನಗೇ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು.

ಕುರ್ಚಿ ಸರಿದ ಸದ್ದಾಯಿತು. ಮಾವ ಎದ್ದು ಬಂದು ಮಂಚದ ಪಕ್ಕ ನಿಂತರು. "ನನ್ನ ನೋಡ್ಕೊಳ್ಳೋರು ಯಾರು ಅಂತ ಇವ್ರನ್ನ ಯಾಕೆ ಕೇಳ್ತೀಯ?" ಎಂದರು ಅತ್ತೆಗೆ. "ನೀನೇ ಎದ್ದು ನಿಂತು ನೋಡ್ಕೋ."

ನನ್ನವರು ದಡಬಡನೆ ಎದ್ದರು. ಅತ್ತೆ ಗಂಡನ ಮುಖವನ್ನೂ ಕಿವಿಯನ್ನೂ ನೋಡಿದರು. "ಕೇಳಿಸ್ತಾ ಇತ್ತಾ ನಿಮಗೆ?"

"ಕೇಳಿಸ್ತಿತ್ತು."

"ಯಾವಾಗಿಂದ?"

"ಅಂಗಡಿಯಿಂದ."

ಅತ್ತೆ ಹೊದಿಕೆಯ ಅಂಚು ಹಿಡಿದುಕೊಂಡರು. "ಹಾಗಾದ್ರೆ ಮೊನ್ನೆ ಬೆಳಿಗ್ಗೆ ನಿಮ್ಮ ಪಕ್ಕ ನಾನು ಗೊಣಗ್ತಾ ಇದ್ದದ್ದು?"

"ಅದೂ ಕೇಳಿಸ್ತು."

ಅತ್ತೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ಅವರು ಏನಂದಿದ್ದರೋ, ಬೈಗುಳವೋ ಮತ್ತೊಂದೋ, ಇಂದಿಗೂ ಇಬ್ಬರೂ ಬಾಯಿ ಬಿಟ್ಟಿಲ್ಲ.

ಹಾಗೆಂದು ಅತ್ತೆ ಆಪರೇಷನ್ನಿಗೆ ಒಪ್ಪಲಿಲ್ಲ. ಸಂಜೆಯವರೆಗೂ ಹೊದಿಕೆಯೊಳಗಿಂದಲೇ ಬೇಡ, ಆ ದುಡ್ಡು ತೆಗೆದರೆ ನಾನು ಆಸ್ಪತ್ರೆಗೆ ಬರುವುದಿಲ್ಲ ಎಂದು ಹಟ ಹಿಡಿದರು. ಕಿವಿ ಬಂದ ಮಾವನಿಗೆ ಈಗ ಅದನ್ನೆಲ್ಲ ಕೇಳಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಅವರ ಮೇಲೆ ನನಗೆ ಮೊದಲ ಸಲ ಕನಿಕರ ಹುಟ್ಟಿತು.

ಬೆಳಗಾದೊಡನೆ ಮಾವ ಶರ್ಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮಗನನ್ನು ಕರೆಯಲಿಲ್ಲ, ನನ್ನನ್ನು ಕರೆದರು. ದಾರಿಯಲ್ಲಿ ಒಂದೇ ಮಾತು ಆಡಿದರು. "ನಿನ್ನೆ ನಿಮ್ಮತ್ತೆ ಕೇಳಿದ್ದಕ್ಕೆ ನೀನು ಉತ್ತರ ಹೇಳ್ಲಿಲ್ಲ."

"ಗೊತ್ತಿಲ್ಲ ಮಾವ, ಅದಕ್ಕೆ ಹೇಳ್ಲಿಲ್ಲ," ಎಂದೆ.

ಅವರು ತಲೆ ಅಲ್ಲಾಡಿಸಿ ನಡೆದರು. ಸಿಟ್ಟಾದಂತೆ ಕಾಣಲಿಲ್ಲ.

ಬ್ಯಾಂಕಿನ ಅಧಿಕಾರಿಗೆ ನಮ್ಮನ್ನು ನೋಡಿದೊಡನೆ ಹಣೆಯಲ್ಲಿ ಗೆರೆ ಮೂಡಿತು. ಮುದುಕ, ಜೊತೆಗೆ ಸೊಸೆ, ತೆಗೆಯಬೇಕಾದ್ದು ಹೆಚ್ಚುಕಡಿಮೆ ಎಲ್ಲ ಹಣ. ಅವರ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ. ನನ್ನನ್ನು ದೂರದ ಬೆಂಚಿನಲ್ಲಿ ಕೂರಲು ಹೇಳಿ, ಮಾವನ ಕಡೆ ಬಾಗಿ, ಇಡೀ ಬ್ಯಾಂಕಿಗೆ ಕೇಳುವಂತೆ ಕೇಳಿದರು.

"ಯಜಮಾನರೇ, ಈ ದುಡ್ಡಿನ ವಿಷಯದಲ್ಲಿ ಯಾರಾದ್ರೂ ನಿಮಗೆ ಬಲವಂತ ಮಾಡಿದ್ರಾ?"

"ಮಾಡಿದ್ರು," ಎಂದರು ಮಾವ.

ನಾನು ಬೆಂಚಿನಿಂದ ಅರ್ಧ ಎದ್ದೆ. ಅಧಿಕಾರಿ ಪೆನ್ನನ್ನು ತಮ್ಮ ಕಡೆ ಎಳೆದುಕೊಂಡು ನನ್ನನ್ನೇ ನೋಡುತ್ತ ಕೇಳಿದರು. "ಯಾರು?"

"ನನ್ ಹೆಂಡ್ತಿ," ಎಂದರು ಮಾವ. "ತೆಗೀಬೇಡಿ ಅಂತ."

ಆಮೇಲೆ ಅಧಿಕಾರಿಯ ಕೈಯಿಂದ ಪೆನ್ನು ತೆಗೆದುಕೊಂಡು, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದರು.